ಹೆಂಡದಂಗಡಿಯವನ ಹೆಸರು

ಅಲಿಪುರದ ಕ್ವಾರ್ಟರ್ಸಿಗೆ ನಾನು ಬಂದಾಗ ಬಾಗಿಲ ಮೇಲೆ ಹಿಂದಿನ ಮ್ಯಾನೇಜರರ ಹೆಸರಿತ್ತು. ಅದು ಬದಲಾಗೋಕೆ ಎಂಟು ತಿಂಗಳು ಹಿಡೀತು. ಅಲ್ಲಿಯವರೆಗೆ ಬೋರ್ಡು ನೋಡಿದವರಿಗೆಲ್ಲ ನಾನು ಅವರೇ!

ಹತ್ತಿರದಲ್ಲೇ ಬೆಲ್ವೆಡೇರ್ ಆವರಣದ ನ್ಯಾಷನಲ್ ಲೈಬ್ರರಿ. ಬಿಡುವಿದ್ದಾಗ ಹೋಗಿ ಥ್ಯಾಕರ್ಸ್ ಡೈರೆಕ್ಟರಿ ಓದೋದು ಅಭ್ಯಾಸವಾಯ್ತು. 1860ರ ದಶಕದಲ್ಲಿ ಬಂಗಾಳಕ್ಕೆಂದು ಶುರುವಾಗಿ, 1885ರಿಂದ ಇಡೀ ಇಂಡಿಯಾಕ್ಕೆ ಹಬ್ಬಿದ ಪುಸ್ತಕ ಇದು. ಹಳೇ ಕಲ್ಕತ್ತೆಯಲ್ಲಿ ಕುಡಿಯೋ ಜಾಗಗಳನ್ನು ಯಾರು ನಡೆಸ್ತಿದ್ದರು ಅಂತ ಹುಡುಕೋರಿಗೆ ಇದೇ ಮೊದಲ ಆಸರೆ. ಬೀದಿವಾರು ಮನೆ ನಂಬರು ಒಂದು ಕಡೆ, ಅಕಾರಾದಿಯಾಗಿ ನಿವಾಸಿಗಳು ಇನ್ನೊಂದು ಕಡೆ. ಎರಡನ್ನೂ ತಾಳೆ ನೋಡಬಹುದು. ಲೆಡ್ಜರ್ ನೋಡಿ ಬೆಳೆದ ನನಗೆ ಈ ಕ್ರಮ ಬಹಳ ಹಿಡಿಸಿತು.

ಆದರೆ ಇದನ್ನು ಪೂರ್ತಿ ನಂಬಿದರೆ ಮೋಸ ಹೋಗ್ತೀರಿ. ಡೈರೆಕ್ಟರಿ ಜನವರಿಯದು, ಅಬಕಾರಿ ಲೈಸೆನ್ಸ್ ಏಪ್ರಿಲ್‌ನದು. ಏಪ್ರಿಲ್‌ನಲ್ಲಿ ಅಂಗಡಿ ಹಿಡಿದವನು ಅಚ್ಚಿನಲ್ಲಿ ಕಾಣೋದು ಮುಂದಿನ ವರ್ಷ. ಒಂದು ವರ್ಷ ಹೆಸರಿಲ್ಲ ಅಂದರೆ ಮನುಷ್ಯ ಇಲ್ಲ ಅಂತಲ್ಲ. ಕಂಪನಿಯಾದರಂತೂ ಮಾಲೀಕ ಮರೆಯಾಗಿಬಿಡ್ತಾನೆ. ಡೇವಿಡ್ ವಿಲ್ಸನ್ 1840ರ ಸುಮಾರಿಗೆ ತೆರೆದ ಆಕ್ಲೆಂಡ್ ಹೋಟೆಲು 1865ರಲ್ಲಿ ಗ್ರೇಟ್ ಈಸ್ಟರ್ನ್ ಕಂಪನಿಯ ಕೈಗೆ ಹೋಯಿತು. ಜನ ಮಾತ್ರ ‘ವಿಲ್ಸನ್ ಹೋಟೆಲು’ ಅನ್ನೋದನ್ನು ಬಿಡಲಿಲ್ಲ.

ಇದಕ್ಕಿಂತ ದೊಡ್ಡ ದೋಷ ಬೇರೆ ಇದೆ. ಸಾಹೇಬರ ಹೋಟೆಲಿಗೆ ಹೆಸರು, ವಿಳಾಸ ಎಲ್ಲ ಉಂಟು. ದೇಶೀ ಸಾರಾಯಿ ಮಾರುತ್ತಿದ್ದ ಶುಂಡಿ ಜಾತಿಯ ಅಂಗಡಿಯವನಿಗೆ ಆ ಭಾಗ್ಯ ಇಲ್ಲ. ಪತ್ರ ಬರೆಯುವವರಿಗೆ, ಬಿಲ್ಲು ಕಳಿಸುವವರಿಗೆ ಅಂತ ಮಾಡಿದ ಪುಸ್ತಕ ಅದು. ಸಾರಾಯಿ ಅಂಗಡಿಗೆ ಪತ್ರ ಬರೆಯೋರು ಯಾರು? ಸರಕಾರದ ವಾರ್ಷಿಕ ವರದಿಗಳಲ್ಲೋ, ಅಂಗಡಿ ಎಷ್ಟು, ವಸೂಲಿ ಎಷ್ಟು ಅನ್ನೋದೇ ಮುಖ್ಯ. ಹೆಸರು ಬೇಕಾದರೆ ಲೈಸೆನ್ಸ್ ರಿಜಿಸ್ಟರನ್ನೇ ಹುಡುಕಬೇಕು, ಯಾಕೆಂದರೆ ಲೈಸೆನ್ಸ್ ಕೊಡುವ ಅಧಿಕಾರ ಕಲೆಕ್ಟರದು. ಜಿಲ್ಲೆಯ ಕಲೆಕ್ಟರ್ ಕಚೇರಿ ಇರೋದೂ ಇದೇ ಅಲಿಪುರದಲ್ಲಿ.

ಹಾಗಂತ ಲೈಸೆನ್ಸೂ ದೇವರ ಮಾತಲ್ಲ. ಅದರಲ್ಲಿರೋದು ಹರಾಜು ಕೂಗಿ ಹಣ ಕಟ್ಟಿದವನ ಹೆಸರು. ಗಲ್ಲಾಪೆಟ್ಟಿಗೆ ಮುಂದೆ ಕೂತವನು ಬೇರೆಯೇ ಇರಬಹುದು. ಬೇನಾಮಿ ಅಂದರೇನು ಅಂತ ಬ್ಯಾಂಕಿನವರಿಗೆ ಹೇಳಿಕೊಡಬೇಕೇ?

ನಿಮ್ಮ ತಾತನೋ ದೊಡ್ಡಪ್ಪನೋ ಮುಂಬಯಿಗೋ ಕಲ್ಕತ್ತೆಗೋ ಹೋಗಿ ಹೋಟೆಲು ಇಟ್ಟಿದ್ದರೆ, ಡೈರೆಕ್ಟರಿಯಲ್ಲಿ ಇಲ್ಲ ಅಂತ ಹುಡುಕೋದು ಬಿಡಬೇಡಿ. ಲೈಸೆನ್ಸ್, ಬಾಡಿಗೆ ಚೀಟಿ, ಊರಿಗೆ ಕಳಿಸಿದ ಮನಿಯಾರ್ಡರ್ ರಸೀತಿ ಎಲ್ಲವನ್ನೂ ತಾಳೆ ಹಾಕಿ.

ನಮ್ಮ ಕ್ವಾರ್ಟರ್ಸಿನ ಮೆಟ್ಟಿಲ ಕೆಳಗೆ ಬಿಹಾರದ ದರ್ವಾನ್ ಒಬ್ಬರು ಮೂವತ್ತು ವರ್ಷ ಇದ್ದರು. ನಾನಿದ್ದದ್ದು ಮೂರು ವರ್ಷ. ಬೋರ್ಡು ಇದ್ದದ್ದು ನನಗೆ.