ಆ ಕುರಿ ಯಾರು ನೋಡ್ಕೊಂಡ್ರು?

ದೀಪಾವಳಿಗೆ ಗಳಗನಾಥಕ್ಕೆ ಹೋದಾಗ ಅಜ್ಜನ ಜೊತೆ ಕೂತು ‘ಕವಿರತ್ನ ಕಾಳಿದಾಸ’ ಮತ್ತೆ ನೋಡಿದೆ. 1983ರ ಸಿನಿಮಾ, ರೇಣುಕಾ ಶರ್ಮ ನಿರ್ದೇಶನ. ಕಥೆ ಗೊತ್ತಲ್ಲ, ಮಂತ್ರಿಯ ಸೇಡಿಗೆ ದಾಳವಾದ ಕುರುಬನೊಬ್ಬ ರಾಜವೇಷದಲ್ಲಿ ಅರಮನೆ ಹೊಕ್ಕು, ಓದಿಕೊಂಡ ರಾಜಕುಮಾರಿಯನ್ನ ಮದುವೆಯಾಗ್ತಾನೆ.

ರಾಜಕುಮಾರ್ ಇಲ್ಲಿ ಪೆದ್ದನ ಪಾತ್ರ ಮಾಡಲ್ಲ, ಅರಮನೆ ಗೊತ್ತಿಲ್ಲದವನ ಪಾತ್ರ ಮಾಡ್ತಾರೆ. ಎರಡೂ ಬೇರೆ. ಅದಕ್ಕೇ ನಾವು ನಗೋದು ಅವನನ್ನ ನೋಡಿಯಲ್ಲ, ಬರೀ ಬಟ್ಟೆ ನೋಡಿ ಪಂಡಿತ ಅಂತ ನಂಬಿದ ದೊಡ್ಡಮನುಷ್ಯರನ್ನ ನೋಡಿ. ಎಂ. ರಂಗರಾವ್ ಸಂಗೀತ, ಜಯಪ್ರದಾ ಚೆಲುವು, ಇವಕ್ಕೆಲ್ಲ ನನ್ನ ತಕರಾರಿಲ್ಲ.

ತಕರಾರಿರೋದು ಕಾಳಿಯ ಹತ್ರ. ಆಕೆ ನಾಲಿಗೆ ಮೇಲೆ ಅಕ್ಷರ ಬರೆದದ್ದೇ ತಡ, ಕುರುಬ ಅಳಿಸಿಹೋಗ್ತಾನೆ. ಹಳೇದೆಲ್ಲ ಮರೆತು, ಹೆಂಡತಿಯನ್ನೂ ಮರೆತು, ಭೋಜರಾಜನ ಆಸ್ಥಾನ ಕವಿಯಾಗ್ತಾನೆ. ಅಲ್ಲಿಂದ ಸಿನಿಮಾ ಗಂಭೀರ. ನನಗೋ ಆ ಮೊದಲಿನವನೇ ಬೇಕು. ಕುರುಬನಾಗಿದ್ದುಕೊಂಡೇ ಕವಿಯಾಗೋಕೆ ಏನಡ್ಡಿ? ಕನಕದಾಸರು ಹುಟ್ಟಿದ ಬಾಡ ನಮ್ಮ ಹಾವೇರಿ ಜಿಲ್ಲೆಯಲ್ಲೇ ಇದೆ.

ಅಜ್ಜ ಹರೇದಾಗ ವರದಾ ದಂಡಿಗೆ ಕುರಿ ಕಾದಾಂವ. ಸುಮ್ಮನೆ ನೋಡ್ತಿದ್ದವನು ನಡುವೆ ಕೇಳಿದ: ‘ಅಲ್ಲಲೇ, ಆಮ್ಯಾಲೆ ಆ ಕುರಿ ಯಾರ್ ನೋಡ್ಕೊಂಡ್ರು?’

‘ತೋರಿಸಿಲ್ಲಜ್ಜಾ.’

ಅಷ್ಟರಲ್ಲಿ ಬೆಂಗಳೂರಿಂದ ಆಫೀಸಿನ ಫೋನ್ ಬಂತು. ‘ಹೌದು ಸರ್, ನೋಡ್ತೀನಿ ಸರ್, ಮಾಡಿಬಿಡೋಣ ಸರ್’ ಅಂದು ಇಟ್ಟೆ. ಅಜ್ಜ ಟಿವಿ ಬಿಟ್ಟು ನನ್ನ ಮುಖ ನೋಡಿದ.

‘ಈಗ ಮಾತಾಡಿದಾಂವ ಯಾರಪಾ?’