ನೋಡುವ ಅಡುಗೆಮನೆ, ಮಾಡುವ ಅಡುಗೆಮನೆ

ಹಿರೇಕೆರೂರು ತಾಲೂಕಿನ ಅಬಲೂರಿನಲ್ಲಿ ನಮ್ಮ ಬಂಧುಗಳೊಬ್ಬರು ಹೊಸ ಮನೆ ಕಟ್ಟಿಸಿದರು. ಮನೆ ಹೊಕ್ಕ ದಿನ ಕುರ್‌ಆನ್ ಖ್ವಾನಿ ಮುಗಿದ ಮೇಲೆ ಯಜಮಾನರು ಬಂದವರನ್ನೆಲ್ಲ ಮೊದಲು ಕರೆದೊಯ್ದದ್ದು ಅಡುಗೆಮನೆಗೆ. ಮುಖ ಕಾಣುವಂತೆ ಹೊಳೆಯುವ ಕರಿ ಗ್ರಾನೈಟ್ ಕಟ್ಟೆ, ಸೂರಿನವರೆಗೆ ಬಿಳಿ ಕಪಾಟುಗಳು, ಗಾಜಿನ ಮೇಲ್ಮೈಯ ಗ್ಯಾಸ್ ಒಲೆ, ಅದರ ಮೇಲೆ ವಿದ್ಯುತ್ ಚಿಮಣಿ. ನಾವೂ ಎಲ್ಲರಂತೆ 'ಮಾಷಾ ಅಲ್ಲಾಹ್' ಎಂದೆವು. ತಿಂಗಳೊಪ್ಪತ್ತಿನ ಮೇಲೆ ಮತ್ತೆ ಹೋದಾಗ ಊಟಕ್ಕೆ ಬಿಸಿ ಜೋಳದ ರೊಟ್ಟಿ ಬಂತು. ಅದು ಬಂದದ್ದು ಆ ಅಡುಗೆಮನೆಯಿಂದಲ್ಲ, ಹಿತ್ತಲಲ್ಲಿ ಹೊಸದಾಗಿ ಎದ್ದಿದ್ದ ತಗಡಿನ ಚಪ್ಪರದಿಂದ. ಅಲ್ಲಿ ಮೂರು ಕಲ್ಲಿನ ಒಲೆ, ಕಣ್ಣೊರೆಸಿಕೊಳ್ಳುತ್ತ ಕುಳಿತ ಸೊಸೆ. ಒಳಗಿನ ಅಡುಗೆಮನೆ ಹೊಕ್ಕ ದಿನದಂತೆಯೇ ಹೊಳೆಯುತ್ತಿತ್ತು. ನಮ್ಮ ಕಣ್ಣಲ್ಲಿದ್ದ ಪ್ರಶ್ನೆಗೆ ಮನೆಯ ಹಿರಿಯ ಖಾಲಾ ಉತ್ತರ ಕೊಟ್ಟರು: "ಅದು ನೋಡಾಕ ಐತಿ. ಇದು ಮಾಡಾಕ."

ಅಡುಗೆಮನೆಯ ಅಂದ ಮತ್ತು ಉಪಯೋಗದ ಬಗ್ಗೆ ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಕಟುವಾದ ವಿಮರ್ಶೆಯನ್ನು ನಾವು ಕೇಳಿಲ್ಲ. ಹಾನಗಲ್, ಶಿಗ್ಗಾವಿ, ಸವಣೂರಿನ ಕಡೆಯೂ ಇಂಥ ಮನೆಗಳನ್ನು ಕಂಡಿದ್ದೇವೆ. ಒಂದೇ ಮನೆಗೆ ಎರಡು ಅಡುಗೆಮನೆ: ಒಂದು ಬಂದವರ ಕಣ್ಣಿಗೆ, ಇನ್ನೊಂದು ಮನೆಯವರ ಹೊಟ್ಟೆಗೆ. ಮೊದಲನೆಯದಕ್ಕೆ ಲಕ್ಷಗಟ್ಟಲೆ ಖರ್ಚು, ಎರಡನೆಯದಕ್ಕೆ ನಾಲ್ಕು ಹಳೆಯ ತಗಡು.

ಹಾಗೆಂದು ಹಳೆಯ ಅಡುಗೆಮನೆಯನ್ನು ಹಾಡಿ ಹೊಗಳುವ ಕೆಲಸ ನಮ್ಮದಲ್ಲ. ಕಥೆ ಬರೆಯುವ ನಾವು ಆ ತಪ್ಪನ್ನು ಬೇಕಾದಷ್ಟು ಮಾಡಿದ್ದೇವೆ. ಮಸಿ ಹಿಡಿದ ಗೋಡೆ, ನೆಲುವಿನಲ್ಲಿ ತೂಗುವ ಮೊಸರಿನ ಗಡಿಗೆ, ಒಲೆಯ ಮುಂದೆ ಕೆಂಪಾದ ಅಮ್ಮಿಯ ಮುಖ ಎಂದೆಲ್ಲ ಬರೆದು ಹೊಗೆಗೆ ಅತ್ತರಿನ ವಾಸನೆ ಹಚ್ಚಿದ್ದೇವೆ. ಆ ಮುಖ ಕೆಂಪಾದದ್ದು ಮಮತೆಯಿಂದಲ್ಲ, ಕಿಟಕಿ ಇಲ್ಲದ್ದರಿಂದ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ 2 ಲಕ್ಷ 37 ಸಾವಿರಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಒಲೆಯ ಪಕ್ಕದ ತೊಟ್ಟಿಲನ್ನು ಕಂಡವರಿಗೆ ಈ ಲೆಕ್ಕದ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಈ ಹೊಗೆಯ ಬಗ್ಗೆ ನಮ್ಮ ನಾಡಿನಲ್ಲಿ ತಲೆ ಕೆಡಿಸಿಕೊಂಡವರೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ 'ಅಸ್ತ್ರ' ತಂಡ ತುಮಕೂರು ಜಿಲ್ಲೆಯ ಉಂಗ್ರಾದಂಥ ಹಳ್ಳಿಯಲ್ಲಿ ಕೆಲಸ ಮಾಡಿತು. ಮೂರು ಪಾತ್ರೆ ಕೂಡುವ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ, ಸೌದೆ ಉಳಿಸುವ 'ಅಸ್ತ್ರ ಒಲೆ' ಬಂದದ್ದು ಅಲ್ಲಿಂದ. 2016ರಲ್ಲಿ ಉಜ್ವಲ ಯೋಜನೆ ಬಡವರ ಮನೆಗೆ ಗ್ಯಾಸ್ ತಂದಿತು. ಅದೇ ವರ್ಷದ ಗ್ರಾಮೀಣ ಆವಾಸ್ ಯೋಜನೆ ಮನೆಯ ಕನಿಷ್ಠ ಅಳತೆಯನ್ನು 20 ಚದರ ಮೀಟರಿನಿಂದ 25ಕ್ಕೆ ಏರಿಸಿ, ಆ ಜಾಗದೊಳಗೇ ಸ್ವಚ್ಛವಾಗಿ ಅಡುಗೆ ಮಾಡಲು ಸ್ಥಳ ಇರಬೇಕೆಂದಿತು. ಸರಕಾರದ 25 ಚದರ ಮೀಟರಿನ ಮನೆಗೂ ಅಡುಗೆಯ ಜಾಗದ ನೆನಪಾಗಿದೆ. ಅದರ ಹತ್ತು ಪಟ್ಟು ಜಾಗದಲ್ಲಿ ಮನೆ ಕಟ್ಟುವ ನಾವು ಅಡುಗೆ ಮಾಡುವವಳನ್ನು ಹಿತ್ತಲಿಗೆ ಕಳಿಸಿದ್ದೇವೆ.

ಆ ಸೊಸೆ ಯಾಕೆ ಹಿತ್ತಲಿಗೆ ಹೋದಳು? ಹಟಕ್ಕಲ್ಲ. ಒಳಗಿನ ಅಡುಗೆಮನೆಯನ್ನು ಮಾಡಿಸಿದವರು ಒಮ್ಮೆಯೂ ರೊಟ್ಟಿ ಬಡಿದವರಲ್ಲ. ಜೋಳದ ರೊಟ್ಟಿಗೆ ಮೈಭಾರ ಬೇಕು. ನೆಲಕ್ಕೆ ಕುಳಿತು ಬಡಿದರೆ ಭುಜದ ಬಲ ಕೈಗೆ ಇಳಿಯುತ್ತದೆ. ಎದೆಯ ಹತ್ತಿರಕ್ಕೆ ಬರುವ ಕಟ್ಟೆಯ ಮುಂದೆ ನಿಂತು ಬಡಿದರೆ ಭುಜ ಎತ್ತಿಯೇ ಇರಬೇಕು, ಹತ್ತು ರೊಟ್ಟಿಗೆ ರಟ್ಟೆ ಸೋಲುತ್ತದೆ. ನುಣುಪಾದ ಗ್ರಾನೈಟಿನ ಮೇಲೆ ಹಲಗೆ ಜಾರುತ್ತದೆ. ಗಾಜಿನ ಒಲೆಯ ಮೇಲೆ ದೊಡ್ಡ ಹಂಚು ಇಡಲು ಯಜಮಾನರಿಗೇ ಅಂಜಿಕೆ. ಬಿಳಿ ಕಪಾಟಿಗೆ ಅರಿಸಿನದ ಕೈ ತಾಗಿದರೆ ಕಲೆ. ಮೇಲಿನ ಸಾಲಿನ ಕಪಾಟು ಕೈಗೆ ಎಟುಕುವುದಿಲ್ಲ, ಹಾಗಾಗಿ ಅಲ್ಲಿ ಏನೂ ಇಲ್ಲ. ಇನ್ನು ಬಕ್ರೀದ್ ದಿನ ಮಾಂಸವನ್ನು ಮನೆಗೆ, ಬಂಧುಗಳಿಗೆ, ಬಡವರಿಗೆ ಎಂದು ಪಾಲು ಹಾಕುವಾಗ ನಾಲ್ಕು ಜನ ಹೆಂಗಸರು ಸುತ್ತ ಕುಳಿತುಕೊಳ್ಳಬೇಕು. ಅದಕ್ಕೆ ತೊಳೆಯಲು ಬರುವ ನೆಲ ಬೇಕು, ನೀರು ಹರಿದುಹೋಗಲು ಮೋರಿ ಬೇಕು. ಈ ಹೊಸ ಅಡುಗೆಮನೆಯ ನೆಲದಲ್ಲಿ ಮೋರಿಯೇ ಇಲ್ಲ. ರಮಜಾನಿನಲ್ಲಿ ಸಹರಿಗೆ ಎದ್ದವಳಿಗೆ ಬೇಕಾದದ್ದು ಸೂರಿನ ಅಲಂಕಾರದ ದೀಪಗಳಲ್ಲ, ಒಲೆಯ ಮೇಲೆ ತನ್ನ ನೆರಳು ಬೀಳದಂತೆ ಇಟ್ಟ ಒಂದೇ ಒಂದು ದೀಪ.

ಅಂದವೇ ತಪ್ಪೆಂದು ಇದರ ಅರ್ಥವಲ್ಲ. ಅಂದ ಮತ್ತು ಉಪಯೋಗ ಜಗಳ ಆಡಲೇಬೇಕೆಂಬ ನಿಯಮವೂ ಇಲ್ಲ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಗಾಗಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್‌ಕಿ ಎಂಬ ಮಹಿಳೆ ಒಂದು ಅಡುಗೆಮನೆಯ ನಕ್ಷೆ ಹಾಕಿದರು. ಇಂದಿನ 'ಮಾಡ್ಯುಲರ್ ಕಿಚನ್' ಎಂಬುದರ ಮೂಲ ಅಲ್ಲಿದೆ. ತಮಗೆ ಅಡುಗೆಯ ಅನುಭವವಿರಲಿಲ್ಲವೆಂದು ಆಕೆಯೇ ಮುಂದೆ ಹೇಳಿಕೊಂಡಿದ್ದರು. ಆದರೆ ಆಕೆ ಗೃಹಿಣಿಯರನ್ನು ಕೇಳಿದರು, ಹೆಜ್ಜೆಗಳನ್ನು ಎಣಿಸಿದರು, ಗಡಿಯಾರ ಹಿಡಿದು ಕೆಲಸದ ಹೊತ್ತನ್ನು ಅಳೆದರು, ರೈಲಿನ ಊಟದ ಬೋಗಿಯ ಇಕ್ಕಟ್ಟಿನ ಅಡುಗೆಮನೆಯನ್ನು ನೋಡಿ ಕಲಿತರು. ಹಿಟ್ಟಿನ ಡಬ್ಬಕ್ಕೆ ಓಕ್ ಮರ, ಹುಳು ಬಾರದಿರಲೆಂದು. ಹೆಚ್ಚುವ ಹಲಗೆಗೆ ಬೀಚ್ ಮರ, ಚಾಕುವಿನ ಗೀರಿಗೂ ಕಲೆಗೂ ತಡೆಯಲೆಂದು. ಕಪಾಟಿಗೆ ಹಚ್ಚಿದ ಚೆಂದದ ನೀಲಿ ಬಣ್ಣ ಕೂಡ ನೊಣ ಕೂರುವುದಿಲ್ಲವೆಂಬ ನಂಬಿಕೆಯಿಂದ ಬಂದದ್ದು. ಅಂಥ ಸುಮಾರು 10,000 ಅಡುಗೆಮನೆಗಳು ಆ ನಗರದಲ್ಲಿ ಎದ್ದವು. ಅದರಲ್ಲೂ ಕೊರತೆ ಇತ್ತು. 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಆ ಕೋಣೆ ಒಬ್ಬಳಿಗೆ ಸಾಕು, ಇಬ್ಬರಿಗೆ ಸಾಲದು. ಹೆಣ್ಣಿನ ದಣಿವು ಕಡಿಮೆಯಾಯಿತು, ಆದರೆ ಅವಳು ಒಂಟಿಯಾದಳು. ನಾವು ಅಲ್ಲಿಂದ ತಂದದ್ದು ಕಪಾಟುಗಳ ಸಾಲನ್ನು ಮಾತ್ರ. ಕೇಳುವ, ಅಳೆಯುವ ಗುಣವನ್ನು ಅಲ್ಲಿಯೇ ಬಿಟ್ಟು ಬಂದೆವು.

ಕೇಳದೇ ಇರುವುದರ ಫಲ ಏನೆಂಬುದನ್ನು 2021ರಲ್ಲಿ ಬಂದ ಮಲಯಾಳಂ ಚಿತ್ರ 'ದಿ ಗ್ರೇಟ್ ಇಂಡಿಯನ್ ಕಿಚನ್' ಕಣ್ಣಿಗೆ ಕಟ್ಟುವಂತೆ ತೋರಿಸಿತು. ಜಿಯೋ ಬೇಬಿ ನಿರ್ದೇಶಿಸಿದ ಆ ಚಿತ್ರದ ಮನೆ ಹಳೆಯದು, ನೋಡಲು ಚೆಂದ. ಆದರೆ ಪಾತ್ರೆ ತೊಳೆಯುವ ಸಿಂಕಿನ ಕೊಳವೆ ಸೋರುತ್ತದೆ. ಸರಿ ಮಾಡಿಸಿ ಎಂದು ಹೆಂಡತಿ ಕೇಳುತ್ತಾಳೆ, ಗಂಡ ಮರೆಯುತ್ತಾನೆ. ಮಾವನಿಗೆ ಅನ್ನ ಸೌದೆ ಒಲೆಯಲ್ಲೇ ಬೇಯಬೇಕು, ಚಟ್ನಿ ಕಲ್ಲಿನಲ್ಲೇ ಅರೆಯಬೇಕು. ಹಳೆಯ ರುಚಿ ನಾಲಿಗೆಯದು, ಅದರ ಕೂಲಿ ಇನ್ನೊಬ್ಬರ ರಟ್ಟೆಯದು. ಅಬಲೂರಿನ ಹೊಸ ಮನೆಗೂ ಕೇರಳದ ಆ ಹಳೆಯ ಮನೆಗೂ ನೋಟದಲ್ಲಿ ಅಜಗಜಾಂತರ. ರೋಗ ಮಾತ್ರ ಒಂದೇ: ಅಡುಗೆಮನೆಯ ವಿಚಾರದಲ್ಲಿ ತೀರ್ಮಾನ ಮಾಡುವವರು ಬೇರೆ, ಅಲ್ಲಿ ದಿನ ಕಳೆಯುವವರು ಬೇರೆ.

ಅಬಲೂರಿನವರಿಗೆ ಈ ಪಾಠ ಹೊರಗಿನಿಂದ ಬರಬೇಕಿರಲಿಲ್ಲ. ಸರ್ವಜ್ಞನ ತಾಯಿ ಈ ಊರಿನ ಕುಂಬಾರರ ಮನೆಯವಳೆಂದು ಪ್ರತೀತಿ. ಮಾಸೂರಿನವರೂ ಕವಿಯನ್ನು ತಮ್ಮವನೆನ್ನುತ್ತಾರೆ, ಆ ವಾದ ಇಲ್ಲಿ ಬೇಡ. ಕುಂಬಾರರ ಗಡಿಗೆಯನ್ನು ಒಮ್ಮೆ ನೋಡಿ. ಹೊಟ್ಟೆ ಗುಂಡಗಿರುವುದು ಉರಿ ಸುತ್ತ ಹಬ್ಬಲೆಂದು, ಕೊರಳು ಕಿರಿದಾಗಿರುವುದು ಕೈಗೆ ಹಿಡಿತ ಸಿಗಲೆಂದು, ಬಾಯಂಚು ಹೊರಗೆ ಬಾಗಿರುವುದು ಬಗ್ಗಿಸುವಾಗ ಚೆಲ್ಲದಿರಲೆಂದು. ಅದರಲ್ಲಿ ನೋಟಕ್ಕೆಂದೇ ಇಟ್ಟ ಗೆರೆ ಒಂದೂ ಇಲ್ಲ. ಆದರೂ ಅದಕ್ಕಿಂತ ಚೆಂದದ ವಸ್ತು ಆ ಹೊಸ ಮನೆಯಲ್ಲಿ ನಮಗೆ ಕಾಣಲಿಲ್ಲ. ಬಳಸುವವರ ಕೈಯನ್ನು ಬಲ್ಲವನು ಮಾಡಿದ ವಸ್ತುವಿಗೆ ಅಂದ ತಾನಾಗಿ ಬರುತ್ತದೆ.

ಹಾಗಾದರೆ ಮಾಡಬೇಕಾದದ್ದು ದೊಡ್ಡದೇನಲ್ಲ. ಮೇಸ್ತ್ರಿ ಗೆರೆ ಹಾಕುವ ಮೊದಲು ಮನೆಯ ಹೆಂಗಸರು ಆ ಜಾಗದಲ್ಲಿ ನಿಲ್ಲಲಿ. ಕಟ್ಟೆಯ ಎತ್ತರ ಅವರ ಮೊಣಕೈಗಿಂತ ನಾಲ್ಕಾರು ಬೆರಳು ಕೆಳಗಿರಲಿ. ರೊಟ್ಟಿಗೆ ಕಟ್ಟೆಯ ಒಂದು ಭಾಗ ಇನ್ನಷ್ಟು ತಗ್ಗಾಗಿರಲಿ. ಮಂಡಿನೋವಿನ ಖಾಲಾಗೆ ಕುಳಿತು ಹೆಚ್ಚಲು ಒಂದು ಮೋಟು ಕಟ್ಟೆ ಇರಲಿ. ಎದುರುಬದುರು ಎರಡು ಕಿಟಕಿ, ನೆಲದಲ್ಲಿ ಮೋರಿ, ಕೈಗೆ ಎಟುಕುವ ಕಪಾಟು ಇರಲಿ. ಇಷ್ಟಾದ ಮೇಲೆ ಬಣ್ಣ ಯಾವುದಾದರೂ ಆಗಲಿ. ಇವೆಲ್ಲಕ್ಕೆ ತಗಲುವ ಹಣ ಆ ವಿದ್ಯುತ್ ಚಿಮಣಿಯ ಬೆಲೆಗಿಂತ ಹೆಚ್ಚಾಗಲಾರದು.

ಮುಸ್ಲಿಮ್ ಮನೆಗಳಿಗೆ ಇನ್ನೊಂದು ಮಾತು. ದುಂದುವೆಚ್ಚವನ್ನು ಇಸ್ರಾಫ್ ಎಂದು ದೀನ್ ನಿಷೇಧಿಸಿರುವುದನ್ನು ಮದುವೆಯ ಊಟದ ದಿನ ಮಾತ್ರ ನೆನೆಯುತ್ತೇವೆ. ಬಳಸದ ಅಡುಗೆಮನೆ ಇಸ್ರಾಫ್ ಅಲ್ಲದೆ ಮತ್ತೇನು? ಪ್ರವಾದಿಯವರು (ಸ) ಮನೆಯಲ್ಲಿರುವಾಗ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರೆಂದು ಹಜ್ರತ್ ಆಯಿಷಾ (ರ) ಹೇಳಿದ್ದು ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ. ಈ ಸುನ್ನತ್ತನ್ನು ನಾವು ಗಂಡಸರು ಎಷ್ಟು ಪಾಲಿಸಿದ್ದೇವೆ? ಒಂದು ವಾರ ರೊಟ್ಟಿ ಬೇಯಿಸಿ, ಪಾತ್ರೆ ತೊಳೆದ ಗಂಡಸು ತನ್ನ ಮನೆಯ ಸಿಂಕು ಎಲ್ಲಿರಬೇಕೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.

ಹಿಂದಿನ ಸಲ ಅಬಲೂರಿನಿಂದ ಹೊರಡುವಾಗ ಯಜಮಾನರು ಮನೆಯ ಬಗ್ಗೆ ನಮ್ಮ ಅಭಿಪ್ರಾಯ ಕೇಳಿದರು. ಸಂಕೋಚದಿಂದ, ಚೆನ್ನಾಗಿದೆ ಎಂದು ಬಂದೆವು. ಹೇಳಬೇಕಾಗಿದ್ದ ಮಾತು ಬೇರೆ ಇತ್ತು: "ಭಾಯಿ, ಈ ಪ್ರಶ್ನೆಯನ್ನು ನಮಗೆ ಕೇಳಬೇಡಿ. ಹಿತ್ತಲಿಗೆ ಹೋಗಿ ಕೇಳಿ."