ಜೆರಾಕ್ಸ್ ಪ್ರತಿಗೊಂದು ವಿಳಾಸ

ದೆಹಲಿ ವಿಶ್ವವಿದ್ಯಾಲಯದ ರಾಮೇಶ್ವರಿ ಫೋಟೊಕಾಪಿ ಅಂಗಡಿಯ ಪ್ರಕರಣ ನಮ್ಮ ಸಾಹಿತ್ಯ ವಿಭಾಗಗಳಲ್ಲಿ ಚರ್ಚೆಯಾಗಬೇಕಿತ್ತು. ಪಠ್ಯಕ್ರಮದ ಅಧ್ಯಾಯಗಳನ್ನು ನಕಲು ಮಾಡಿ, ಒಟ್ಟು ಸೇರಿಸಿ ಮಾರುತ್ತಿದ್ದ ಈ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು 2012ರಲ್ಲಿ ದಾವೆ ಹೂಡಿದವು. 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ವಜಾ ಮಾಡಿತು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಂತೆ, ಬೋಧನೆಯ ಉದ್ದೇಶಕ್ಕೆ ಬೇಕಾದಷ್ಟನ್ನು ನಕಲು ಮಾಡಬಹುದು ಎಂದು ಅದೇ ಡಿಸೆಂಬರಿನಲ್ಲಿ ವಿಭಾಗೀಯ ಪೀಠವೂ ಹೇಳಿತು.

ಬಡ ವಿದ್ಯಾರ್ಥಿಗಳ ಪರವಾದ ಈ ತೀರ್ಪು ನನಗೆ ಒಪ್ಪಿಗೆ. ತಕರಾರಿರುವುದು ಅದನ್ನು ನಾವು ಬಳಸಿಕೊಳ್ಳುವ ರೀತಿಯ ಬಗ್ಗೆ. ‘ಬೇಕಾದಷ್ಟು’ ಎಂದರೆ ಎಷ್ಟು? ಯಾವ ಪತ್ರಿಕೆಯ ಪಾಠಕ್ಕೆ, ಯಾವ ಪುಸ್ತಕದ ಯಾವ ಪುಟಗಳನ್ನು ತೆಗೆದುಕೊಂಡೆವು ಎಂಬ ದಾಖಲೆಯೇ ಇಲ್ಲದಿದ್ದರೆ ಈ ಪ್ರಶ್ನೆಗೆ ಉತ್ತರ ಕೊಡುವುದು ಹೇಗೆ?

ತೀರ್ಪು ಜೆರಾಕ್ಸನ್ನು ಗ್ರಂಥಾಲಯದಲ್ಲಿ ಕೂತು ಕೈಯಲ್ಲಿ ಬರೆದುಕೊಳ್ಳುವುದಕ್ಕೆ ಹೋಲಿಸುತ್ತದೆ. ಹೋಲಿಕೆ ಸರಿ, ಆದರೆ ಅರ್ಧ ಮಾತ್ರ. ಕೈಬರಹದ ನಕಲಿಗೆ ನಮ್ಮಲ್ಲಿ ಒಂದು ಶಿಸ್ತಿತ್ತು. ಎಷ್ಟೋ ಓಲೆಗರಿ ಪ್ರತಿಗಳ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರನ್ನೂ ಬರೆದು ಮುಗಿಸಿದ ದಿನವನ್ನೂ ಕಾಣಿಸಿದ್ದಾನೆ. ಗ್ರಂಥಸಂಪಾದಕರು ಪ್ರತಿಗಳ ಕಾಲ ನಿರ್ಣಯಿಸಲು ನೆಚ್ಚಿದ್ದು ಇಂಥ ಸಾಲುಗಳನ್ನೇ. ಜೆರಾಕ್ಸ್ ಯಂತ್ರ ಅಕ್ಷರವನ್ನು ಉಳಿಸಿ ವಿಳಾಸವನ್ನು ಅಳಿಸಿತು. ನನ್ನ ಕಪಾಟಿನಲ್ಲಿರುವ ಪಠ್ಯದ ಕಟ್ಟುಗಳಲ್ಲಿ ಕತೆಯಿದೆ, ಕತೆಗಾರರ ಹೆಸರಿದೆ. ಸಂಕಲನ, ಮುದ್ರಣ, ವರ್ಷ ಯಾವುದೂ ಇಲ್ಲ. ಒಂದು ಕತೆಯ ಕಡೆಯ ಪುಟವೇ ಬಿಟ್ಟುಹೋಗಿದೆ. ಪುಟಸಂಖ್ಯೆ ಕತ್ತರಿಸಿಹೋಗಿದ್ದರಿಂದ ತರಗತಿಯಲ್ಲಿ ಅದು ಯಾರಿಗೂ ತಿಳಿಯಲಿಲ್ಲ. ಆ ಕತೆ ‘ಮುಕ್ತ ಅಂತ್ಯ’ದ್ದೆಂದೇ ಪಾಠವಾಯಿತು.

ಇದು ಬರೀ ಕಾನೂನಿನ ಮಾತಲ್ಲ, ವಿಮರ್ಶೆಯ ಮಾತು. ಲೇಖಕರು ಮರುಮುದ್ರಣಕ್ಕೆ ಕತೆ ತಿದ್ದಿದ್ದರೆ ನಾವು ಓದುತ್ತಿರುವುದು ಯಾವ ಪಾಠ? ಮೂಲ ಗೊತ್ತಿಲ್ಲದೆ ಹೇಳಲಾಗದು. ಕನ್ನಡದ ಸಣ್ಣ ಪ್ರಕಾಶಕರ ಮಟ್ಟಿಗೆ ಇನ್ನೊಂದು ಸಂಗತಿಯಿದೆ: ಪ್ರತಿಗಳು ಮುಗಿದ ಸಂಕಲನವೊಂದು ವರ್ಷವರ್ಷವೂ ತರಗತಿಗಳಲ್ಲಿ ಓದಿಸಿಕೊಳ್ಳುತ್ತಿದೆ ಎಂದು ಲೆಕ್ಕ ಸಮೇತ ತಿಳಿದರೆ, ಅದನ್ನು ಮತ್ತೆ ಅಚ್ಚು ಹಾಕಲು ಅವರಿಗೂ ಧೈರ್ಯ ಬರಬಹುದು.

ವಿಭಾಗಕ್ಕೊಂದು ರಿಜಿಸ್ಟರ್ ಸಾಕು. ಲೇಖಕ, ಕೃತಿ, ಪ್ರಕಾಶಕ, ಮುದ್ರಣದ ವರ್ಷ, ಪುಟಗಳು, ತರಗತಿ, ತಾರೀಖು. ಅದೇ ವಿವರ ಪ್ರತಿಯ ಮೊದಲ ಪುಟದ ಮೇಲೂ ಇರಲಿ. ನಾಳೆ ಕನ್ನಡ ಪಾಠದ ಚರಿತ್ರೆ ಬರೆಯಹೊರಟವರು ಪಠ್ಯಕ್ರಮದ ಪಟ್ಟಿಯ ಜೊತೆಗೆ ಈ ರಿಜಿಸ್ಟರನ್ನೂ ಕೇಳುತ್ತಾರೆ. ತರಗತಿಯಲ್ಲಿ ನಿಜವಾಗಿ ಓದಿದ್ದೇನು ಎಂಬುದು ಅದರಲ್ಲಿರುತ್ತದೆ.